ಬಿಸಿನೀರಿಗೆ ಕೈಯಿಡುವ ಮುಂಚೆ

"ಕಣ್ ಮುಚ್ಕೊಳಮ್ಮ. ಕಳ್ಳಾಟ ಆಡ್ಬೇಡ, ಇಣುಕಿದ್ರೆ ಗೊತ್ತಾಗತ್ತೆ ನಂಗೆ."

ಶಿಡ್ಲಘಟ್ಟದ ಈ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಬಾಗಿಲಲ್ಲಿ ಹೆಂಗಸರು ಸೆರಗು ಹೊದ್ದು ಸಾಲಾಗಿ ನಿಂತಿದ್ದಾರೆ. ಒಳಗೆ ಒಲೆಗೆ ಆಗಷ್ಟೇ ಬೆಂಕಿ ಬಿದ್ದಿದೆ, ಬೇಸಿನ್ನಿನ ನೀರು ಇನ್ನೂ ತಣ್ಣಗಿದೆ. ಸಾಲಿನ ಮುಂದೆ ನಿಂತ ಹುಡುಗಿ ಕಣ್ಣು ಮುಚ್ಚಿ ಎರಡೂ ಕೈ ಚಾಚಿದ್ದಾಳೆ. ಅವಳೆದುರು ನಿಂತಿರುವವರು ನಲವತ್ತು ದಾಟಿದ ಜಾಹಿದಾ. ಅವರ ಕೈಯಲ್ಲಿರುವುದು ಹೊಸೆದು ಚೂಪು ಮಾಡಿದ ಹತ್ತಿಯ ಬತ್ತಿ, ಅಷ್ಟೇ. ಅದರ ತುದಿಯಿಂದ ಹುಡುಗಿಯ ಕಿರುಬೆರಳನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರುತ್ತಾರೆ.

"ಎಲ್ಲಿ?"

"ಇಲ್ಲಿ." ಹುಡುಗಿ ಇನ್ನೊಂದು ಕೈಯಿಂದ ಸರಿಯಾಗಿ ತೋರಿಸುತ್ತಾಳೆ.

"ಹೋಗು. ಮುಂದಿನವ್ರು ಬನ್ನಿ."

ಹೀಗೆ ಒಬ್ಬೊಬ್ಬರದೇ ಕೈ. ಬೆರಳು, ಅಂಗೈ, ಮಣಿಕಟ್ಟು, ಮೊಣಕೈವರೆಗೆ. ಒಲೆ ಉರಿಸುವಾತ ಒಳಗಿನಿಂದ ಗೊಣಗುತ್ತಾನೆ, "ನೀರು ಕಾದೋಯ್ತು, ಬನ್ರಮ್ಮ ಬೇಗ." ಜಾಹಿದಾ ತಿರುಗಿಯೂ ನೋಡುವುದಿಲ್ಲ. "ನಿನ್ ಒಲೆ ಎಲ್ಲೂ ಓಡೋಗಲ್ಲ, ಸುಮ್ನಿರು" ಎಂದು ಮುಂದಿನ ಕೈ ಹಿಡಿಯುತ್ತಾರೆ. ಸಾಲಿನ ಕೊನೆಗೆ ಬಂದ ಹೆಂಗಸೊಬ್ಬಳು ಉಂಗುರದ ಬೆರಳು ಮುಟ್ಟಿದರೆ ಏನನ್ನೂ ತೋರಿಸುವುದಿಲ್ಲ. ಇನ್ನೊಮ್ಮೆ ಮುಟ್ಟುತ್ತಾರೆ. ಆಗಲೂ ಇಲ್ಲ. ಜಾಹಿದಾ ಮುಖದಲ್ಲಿ ಏನೂ ತೋರಿಸಿಕೊಳ್ಳದೆ, ಎಲ್ಲರಿಗೂ ಕೇಳುವಂತೆ "ಸರಿ ಹೋಗು" ಎನ್ನುತ್ತಾರೆ. ಆಮೇಲೆ ಚಪ್ಪಲಿ ಹುಡುಕುವ ನೆಪದಲ್ಲಿ ಪಕ್ಕಕ್ಕೆ ಬಗ್ಗಿ ಅವಳ ಕಿವಿಯಲ್ಲಿ ಹೇಳುತ್ತಾರೆ, "ಶುಕ್ರವಾರ ನನ್ ಜೊತೆ ಡಾಕ್ಟ್ರಮ್ಮನ ಹತ್ರ ಬಾ. ಹೆದರ್ಕೋಬೇಡ, ನಾನಿರ್ತೀನಿ."

ಅವರು ನರ್ಸ್ ಅಲ್ಲ, ಆರೋಗ್ಯ ಇಲಾಖೆಯವರಲ್ಲ, ಯಾವ ಸಂಘಸಂಸ್ಥೆಯ ಬ್ಯಾಡ್ಜೂ ಅವರ ಎದೆಯ ಮೇಲಿಲ್ಲ. ಇನ್ನರ್ಧ ಗಂಟೆಯಲ್ಲಿ ಅವರೂ ಇದೇ ಶೆಡ್ಡಿನಲ್ಲಿ ಬೇಸಿನ್ನಿನ ಮುಂದೆ ಕೂತು ಸಂಜೆಯವರೆಗೆ ಕುದಿನೀರಿನಿಂದ ಎಳೆ ಎತ್ತಬೇಕು. ಈ ಹತ್ತಿಯ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಬಿಡಿಸಲು ನೋಡಿದವರು ಮಾತ್ರ ಬೇಕಾದಷ್ಟು ಜನ ಇದ್ದಾರೆ.

ಮದುವೆ ಮನೆಯಲ್ಲಿ ರೇಷ್ಮೆ ಸೀರೆಯ ಅಂಚನ್ನು ಬೆರಳಲ್ಲಿ ಸವರಿ "ಎಷ್ಟು ನಯ" ಎನ್ನುವವರು ಒಮ್ಮೆ ಈ ಶೆಡ್ಡಿಗೆ ಬಂದು ಕೂರಬೇಕು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಯಬೇಕು. ಬೆಂದ ಗೂಡು ಬೇಸಿನ್ನಿನ ನೀರಲ್ಲಿ ತೇಲುತ್ತಿರುತ್ತದೆ. ಅದರ ಎಳೆಯ ತುದಿಯನ್ನು ಬರಿಗೈಯಲ್ಲಿ ಹುಡುಕಿ, ಎತ್ತಿ, ತಿರುಗುತ್ತಿರುವ ರಾಟೆಯ ನೂಲಿಗೆ ಸೇರಿಸಬೇಕು. ಎಳೆ ತೀರಿದರೆ ಇನ್ನೊಂದು ಗೂಡು, ತುಂಡಾದರೆ ಮತ್ತೆ ಅದೇ. ಕೈಗೆ ಏನನ್ನಾದರೂ ಹಾಕಿಕೊಂಡರೆ ಎಳೆ ಸಿಗುವುದಿಲ್ಲ. ಬೆರಳು ಸುಟ್ಟಾಗ ಅದ್ದಿಕೊಳ್ಳಲು ಪ್ರತಿಯೊಬ್ಬಳ ಮಗ್ಗುಲಲ್ಲೂ ಒಂದು ಬಟ್ಟಲು ತಣ್ಣೀರು ಇರುತ್ತದೆ. ದಿನವಿಡೀ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. ಸಂಜೆ ಹೊತ್ತಿಗೆ ಬೆರಳ ತುದಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಉಬ್ಬಿ ಸುಕ್ಕುಗಟ್ಟಿರುತ್ತದೆ. ಆಗ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ.

ತಪಾಸಣೆಗೆ ಬಂದವರಿಗೆ ಇದೊಂದು ಸಂಗತಿ ಗೊತ್ತಿಲ್ಲದೆ ಹೋದದ್ದೇ ಜಾಹಿದಾ ಅವರ ಬಾಳಿಗೆ ಮುಳುವಾಯಿತು.

ಜಾಹಿದಾ ಹುಟ್ಟಿದ್ದು ಚಿಂತಾಮಣಿಯಲ್ಲಿ. ಗೂಡಿನ ಮಾರುಕಟ್ಟೆಗೆ ಜಟಕಾದಲ್ಲಿ ಮೂಟೆ ಸಾಗಿಸುವ ಅಸ್ಗರ್ ಅವರನ್ನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದರು. ಬಂದ ವರ್ಷವೇ ವಜೀರ್ ಸಾಹೇಬರ ಶೆಡ್ಡಿನಲ್ಲಿ ಬೇಸಿನ್ನಿಗೆ ಕೂತರು. ಮೊದಮೊದಲು ಎಳೆ ಎತ್ತಲು ಬಾರದೆ ಅತ್ತದ್ದೂ ಉಂಟು. ಆಗ ಪಕ್ಕದ ಬೇಸಿನ್ನಿನಲ್ಲಿ ಕೂತು ಕೆಲಸ ಕಲಿಸಿದವರು ಕದಿರಮ್ಮ. ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹೆಂಗಸು, ಮನೆಮಾತು ತೆಲುಗು. ಇವರ ಉರ್ದು ಅವರಿಗೆ ಬಾರದು, ಅವರ ತೆಲುಗು ಇವರಿಗೆ ಅರ್ಧಂಬರ್ಧ. ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಲೇ ಸ್ನೇಹಿತೆಯರಾದರು.

ಎಂಟು ವರ್ಷದ ಹಿಂದೆ, ಸಾವಿರದ ಒಂಬೈನೂರ ಎಂಬತ್ತೇಳರ ಮಳೆಗಾಲದ ಆರಂಭ. ಊರಿನ ಶಾಲೆಯೊಂದರಲ್ಲಿ ಕುಷ್ಠರೋಗ ತಪಾಸಣಾ ಶಿಬಿರ ನಡೆಯಿತು. ಶಿಬಿರ ಮಾಡಿದ್ದು ತಪ್ಪಲ್ಲ, ಒಳ್ಳೆಯ ಕೆಲಸವೇ. ಹೊಸ ಔಷಧ ಬಂದಿತ್ತು, ರೋಗ ಪೂರ್ತಿ ವಾಸಿಯಾಗುವ ಕಾಲ ಬಂದಿತ್ತು. ಆದರೆ ಕರೆದುಕೊಂಡು ಹೋದ ಹೊತ್ತು ಸರಿಯಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹೆಂಗಸರೆಲ್ಲ ಬೇಸಿನ್ನಿನಿಂದ ಎದ್ದು, ಕೈ ಒರೆಸಿಕೊಂಡು ನೇರವಾಗಿ ಶಾಲೆಗೆ ಹೋದರು. ತಪಾಸಣೆಯವರು ಹತ್ತಿ ಮುಟ್ಟಿಸಿ "ಎಲ್ಲಿ?" ಎಂದರೆ ಅರ್ಧಕ್ಕರ್ಧ ಜನಕ್ಕೆ ಬೆರಳ ತುದಿಯಲ್ಲಿ ಸ್ಪರ್ಶವೇ ಇಲ್ಲ. ಗಾಬರಿಯಾದ ಅವರು ಮೈಮೇಲೆ ಮಚ್ಚೆ ಇದ್ದವರನ್ನು ಬೇರೆ ನಿಲ್ಲಿಸಿದರು. ಜಾಹಿದಾ ಮುಂಗೈ ಮೇಲೆ ಬಿಳಿಚಿದ ಒಂದು ಗುರುತಿತ್ತು. ಹಿಂದಿನ ವರ್ಷ ಕುದಿನೀರು ಚೆಲ್ಲಿ ಸುಟ್ಟ ಗಾಯದ ಕಲೆ ಅದು. ಸುಟ್ಟ ಚರ್ಮಕ್ಕೆ ಸ್ಪರ್ಶ ಕಡಿಮೆ, ಅಲ್ಲಿಯೂ ಅವರಿಗೆ ಹತ್ತಿ ತಿಳಿಯಲಿಲ್ಲ. ಕದಿರಮ್ಮನ ಬೆನ್ನ ಮೇಲೂ ತೋಳಿನ ಮೇಲೂ ಮಾಸಿದ ಬಣ್ಣದ ಮಚ್ಚೆಗಳಿದ್ದವು. ಕೊನೆಗೆ ಉಳಿದವರು ಇವರಿಬ್ಬರೇ.

"ಸುಟ್ಟಿದ್ದು ಅಂತ ಹೇಳ್ದೆ. ಒಂದ್ಸಲ ಅಲ್ಲ, ಬಾಯಿ ನೋಯೋವರ್ಗೂ ಹೇಳ್ದೆ" ಎನ್ನುತ್ತಾರೆ ಜಾಹಿದಾ. "ಎಲ್ಲಾರೂ ಹಂಗೇ ಹೇಳ್ತಾರಮ್ಮ ಅಂದ್ರು. ಕೇಳಕ್ಕೆ ಪುರುಸೊತ್ತಿರ್ಲಿಲ್ಲ ಅವ್ರಿಗೆ. ಹೊರ್ಗಡೆ ಇನ್ನೂ ಉದ್ದ ಲೈನಿತ್ತು."

ಸುದ್ದಿ ಅವರಿಗಿಂತ ಮೊದಲೇ ಶೆಡ್ಡು ಮುಟ್ಟಿತ್ತು. 'ದೊಡ್ಡ ರೋಗ' ಎಂದರೆ ಸಾಕು, ಜನ ಸೆರಗು ಎಳೆದುಕೊಂಡು ದೂರ ಸರಿಯುತ್ತಿದ್ದ ಕಾಲ ಅದು. ವಜೀರ್ ಸಾಹೇಬರು ಕೆಟ್ಟವರಲ್ಲ. ಬಾಗಿಲಲ್ಲೇ ನಿಂತು, ಇವರ ಮುಖ ನೋಡಲಾಗದೆ ನೆಲ ನೋಡುತ್ತಾ, "ಸ್ವಲ್ಪ ದಿನ ಮನೇಲಿರಿ, ಆಮೇಲೆ ನೋಡೋಣ" ಎಂದರು. ಮನೆಯಲ್ಲಿ ಅತ್ತೆ ಹಮೀದಾ ಬೇಗಂ ಅಳುತ್ತಲೇ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ ತಂದಿಟ್ಟರು. ಅಸ್ಗರ್ ಕುದುರೆಗೆ ಹುಲ್ಲು ಹಾಕಲು ಎದ್ದುಹೋದರು.

"ಆ ತಟ್ಟೇಲಿ ಕೋಳಿಗೆ ನೀರಿಟ್ಟೆ ನಾನು. ನಮ್ ಅತ್ತೆ ತಟ್ಟೇಲೇ ಅನ್ನ ಹಾಕ್ಕೊಂಡು, ಅವರ ಎದುರಿಗೇ ಕೂತು ತಿಂದೆ. ಬೈದ್ರು. ಬೈರಿ ಅಂದೆ. ಮಾರ್ನೇ ದಿನದಿಂದ ಬೇರೆ ತಟ್ಟೆ ಇಡ್ಲಿಲ್ಲ" ಎಂದು ಹೇಳುವಾಗ ಈಗಲೂ ಅವರ ಗಲ್ಲ ಮೇಲೇಳುತ್ತದೆ.

ಅಷ್ಟಕ್ಕೇ ಸುಮ್ಮನಾಗುವ ಹೆಂಗಸಲ್ಲ ಅವರು. ಅಂದು ಸಂಜೆಯೇ ಬಸ್ ನಿಲ್ದಾಣದ ಹತ್ತಿರ ಎರಡು ಕೋಣೆಯ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರ್ ಅನಸೂಯಮ್ಮನವರ ಬಾಗಿಲು ತಟ್ಟಿದರು. ಗೌರಿಬಿದನೂರು ಕಡೆಯ ರೈತರ ಮನೆಯ ಮಗಳು ಅನಸೂಯಮ್ಮ. ಮಾತು ಒರಟು, ಬೈಗುಳ ಧಾರಾಳ, ಮನಸ್ಸು ಮಾತ್ರ ಅಗಲ. ಈಗ ಅವರಿಗೆ ಅರವತ್ತು ದಾಟಿದೆ. ದವಾಖಾನೆಯ ಬಾಗಿಲು ಮುಚ್ಚಿಲ್ಲ, ಬೈಗುಳವೂ ಕಡಿಮೆಯಾಗಿಲ್ಲ.

"ಬಂದವಳೇ ಕುರ್ಚಿ ಎಳ್ಕೊಂಡು ಕೂತ್ಲು. ನಂಗೆ ದೊಡ್ಡ ರೋಗ ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ, ಎರಡ್ರಲ್ಲೊಂದು ಹೇಳೋವರ್ಗೂ ಏಳಲ್ಲ ಅಂದ್ಲು" ಎಂದು ಡಾಕ್ಟರ್ ನೆನಪಿಸಿಕೊಳ್ಳುತ್ತಾರೆ. "ಮೊಣಕೈ ಒಳಗಡೆ ನರ ಮುಟ್ಟಿ ನೋಡ್ದೆ, ದಪ್ಪ ಆಗಿರ್ಲಿಲ್ಲ. ಕಲೆ ನೋಡಿದ್ರೆ ಸುಟ್ಟದ್ದು ಅಂತ ಅನ್ನಿಸ್ತು. ಆದ್ರೆ ಬೆರಳು? ಹತ್ತೂ ಬೆರಳಿನ ತುದಿ ಮರಗಟ್ಟಿದ್ರೆ ನಾನೇನಂತ ಹೇಳ್ಲಿ? ನಿಜ ಹೇಳ್ಬೇಕಂದ್ರೆ ನಂಗೂ ಅನುಮಾನ ಇತ್ತು."

ಅನುಮಾನ ಬಂದ ವೈದ್ಯರು ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅನಸೂಯಮ್ಮ ಚರ್ಮದ ಮಾದರಿಯನ್ನು ಬೆಂಗಳೂರಿಗೆ ಕಳಿಸಿದರು, ಅದು ಸರಿ. ಅದರ ಉತ್ತರ ಬರುವ ತನಕ ಸುಮ್ಮನೆ ಕೂರಲಿಲ್ಲ. ಪರಿಚಯದವರ ಶೆಡ್ಡೊಂದಕ್ಕೆ ಹೋಗಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಬೇಸಿನ್ನಿನ ಮುಂದೆ ಕೂತುಬಿಟ್ಟರು. ಪಕ್ಕದಲ್ಲಿ ಕಲಿಸಲು ಜಾಹಿದಾ. ಡಾಕ್ಟರ್ ಬಿಸಿನೀರಿಗೆ ಕೈಯಿಟ್ಟು ಕಿರುಚಿಕೊಂಡಾಗ ಶೆಡ್ಡಿಗೆ ಶೆಡ್ಡೇ ನಕ್ಕಿತು. ಎತ್ತಿದ ಎಳೆಯೆಲ್ಲ ತುಂಡು. "ಇಂಥಾ ಕೆಲ್ಸಗಾರ್ತಿ ಇದ್ರೆ ಮಾಲೀಕ ಊರು ಬಿಡ್ಬೇಕು" ಎಂದು ಹೆಂಗಸರು ಗೇಲಿ ಮಾಡಿದರು. ಡಾಕ್ಟರ್ ಕ್ಯಾರೇ ಎನ್ನಲಿಲ್ಲ. ದವಾಖಾನೆ ತೆರೆಯುವ ಮುಂಚೆ ಬೆಳಗಿನ ಹೊತ್ತೆಲ್ಲ ಅಲ್ಲಿ ಕೂತು, ವಾರ ಕಳೆಯುವಷ್ಟರಲ್ಲಿ ಬೆರಳ ತುದಿ ಬೆಳ್ಳಗೆ ಮಾಡಿಕೊಂಡರು. ಆಮೇಲೆ ಕಣ್ಣು ಮುಚ್ಚಿ ಕೈ ಚಾಚಿ, "ಈಗ ನೀನು ಮುಟ್ಟು" ಎಂದು ಜಾಹಿದಾಗೆ ಹತ್ತಿ ಕೊಟ್ಟರು.

"ನಾನು ಹೆಬ್ಬೆರಳು ಮುಟ್ದೆ. ಅವ್ರು ಸುಮ್ನೆ ನಿಂತಿದ್ರು. ನಡುಬೆರಳು ಮುಟ್ದೆ, ಆಗ್ಲೂ ಸುಮ್ನೆ. ಮುಟ್ಟಿದ್ಯೋ ಇಲ್ವೋ ಅಂತ ನನ್ನೇ ಕೇಳಿದ್ರು. ಕಣ್ ಬಿಟ್ಟು ನೋಡಿ ಅಂದೆ. ಕಣ್ ಬಿಟ್ರೆ ಹತ್ತಿ ಅವ್ರ ಬೆರಳ ಮೇಲೇ ಇದೆ!" ಜಾಹಿದಾ ಜೋರಾಗಿ ನಗುತ್ತಾರೆ. "ಡಾಕ್ಟ್ರಮ್ಮಂಗೂ ದೊಡ್ಡ ರೋಗ ಬಂತು ಅಂತ ನಾವೆಲ್ಲಾ ನಗಾಡಿದ್ವಿ."

ಬೇಸಿನ್ ಬಿಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗಿದ ಒಂದೇ ರಾತ್ರಿಯಲ್ಲಿ ಡಾಕ್ಟರ ಬೆರಳಿಗೂ ಸ್ಪರ್ಶ ಮರಳಿತು, ಜಾಹಿದಾ ಬೆರಳಿಗೂ ಮರಳಿತು. ಬೆಂಗಳೂರಿನಿಂದ ಬಂದ ಉತ್ತರವೂ ಅದನ್ನೇ ಹೇಳಿತು. ರೋಗವಿರಲಿಲ್ಲ. ಬಿಸಿನೀರಿನಿಂದ ಎದ್ದು ಬಂದ ಕೈಯನ್ನು ಆಗಲೇ ಪರೀಕ್ಷೆ ಮಾಡಬಾರದು, ರಾತ್ರಿ ಪೂರ್ತಿ ಒಣಗಿ ಬಿಡುವು ಪಡೆದ ಕೈಯನ್ನು ಬೆಳಿಗ್ಗೆ ನೋಡಬೇಕು ಎಂಬ ಅಂದಿನ ಪಾಠವೇ ಇಂದಿಗೂ ಜಾಹಿದಾರನ್ನು ಕೋಳಿ ಕೂಗುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸುತ್ತಿದೆ.

ಕದಿರಮ್ಮನ ಕೈಯ ಸ್ಪರ್ಶವೂ ಮರಳಿತು. ಆದರೆ ಬೆನ್ನಿನ ಮತ್ತು ತೋಳಿನ ಮಚ್ಚೆಗಳಿಗೆ ಮರಳಲಿಲ್ಲ. ಶಿಬಿರದವರು ಇವರ ವಿಷಯದಲ್ಲಿ ಸರಿಯಾಗೇ ಹೇಳಿದ್ದರು. ರೋಗವಿತ್ತು.

ಇಲ್ಲಿಗೆ ಜಾಹಿದಾ ಕತೆ ಮುಗಿಯಬಹುದಿತ್ತು. ಡಾಕ್ಟರ ಚೀಟಿ ಹಿಡಿದು ಅವರು ಓಣಿಯುದ್ದಕ್ಕೂ ಮೆರವಣಿಗೆ ಹೋದ ಹಾಗೆ ಹೋದರಂತೆ. ಯಾರ್ಯಾರು ಸೆರಗು ಎಳೆದುಕೊಂಡಿದ್ದರೋ ಅವರ ಮನೆ ಮುಂದೆಲ್ಲ ನಿಂತು ಓದಿಸಿದರಂತೆ. ಶೆಡ್ಡಿನಲ್ಲಿ ಹೆಂಗಸರು ತಬ್ಬಿಕೊಂಡರು. ವಜೀರ್ ಸಾಹೇಬರು ಚಹಾ ತರಿಸಿದರು. ಬೇಸಿನ್ನಿನ ಮುಂದೆ ಕೂರಲು ಹೋದವರು ಪಕ್ಕ ನೋಡಿದರು. ಕದಿರಮ್ಮನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

"ಕದಿರಮ್ಮಕ್ಕ ಎಲ್ಲಿ ಅಂದೆ. ಅವ್ಳಿಗೆ ನಿಜವಾಗ್ಲೂ ಇದ್ಯಲ್ಲಮ್ಮ ಅಂದ್ರು. ನಿಜವಾಗ್ಲೂ ಇದ್ರೆ? ನಂಗೆ ಇಲ್ಲ ಅನ್ನೋ ಚೀಟಿ ಸಿಕ್ತು, ಅವ್ಳಿಗೆ ಸಿಗ್ಲಿಲ್ಲ, ಅದಕ್ಕೆ ಅವ್ಳು ಏನ್ ತಪ್ಪು ಮಾಡಿದ್ಲು? ಆವತ್ತು ಬೆಳಿಗ್ಗೆಯಿಂದ ಊರೆಲ್ಲಾ ಸುತ್ತಿ, ನಂಗಿಲ್ಲ ನಂಗಿಲ್ಲ ಅಂತ ಕುಣಿದಿದ್ದು ನಂಗೇ ಹೇಸಿಗೆ ಅನ್ನಿಸ್ಬಿಡ್ತು ಸಾರ್."

ಚಹಾ ಕುಡಿಯಲಿಲ್ಲ. ನೇರವಾಗಿ ಡಾಕ್ಟರ ಬಳಿಗೆ ಹೋದರು. ಕದಿರಮ್ಮ ಅಲ್ಲಿಯೇ ಇದ್ದರು. ತಿಂಗಳಿಗೊಮ್ಮೆ ಡಾಕ್ಟರ ಎದುರೇ ನುಂಗಬೇಕಾದ ಕೆಂಪು ಗುಳಿಗೆಯ ಮೊದಲ ದಿನ ಅದು. ಔಷಧ ಶುರುವಾದ ಮೇಲೆ ರೋಗ ಇನ್ನೊಬ್ಬರಿಗೆ ಹರಡುವುದಿಲ್ಲ, ಪಕ್ಕದಲ್ಲಿ ಕೂತರೂ, ಒಂದೇ ಲೋಟದಲ್ಲಿ ಕುಡಿದರೂ ಭಯವಿಲ್ಲ ಎಂದು ಅನಸೂಯಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು. ಕೈಯನ್ನು ಮಾತ್ರ ದಿನಾ ನೋಡಿಕೊಳ್ಳಬೇಕು. ಸ್ಪರ್ಶ ಕಳೆದುಕೊಂಡ ಕೈ ಸುಟ್ಟರೂ ಗೊತ್ತಾಗದು.

ಅಂದೇ ಅನಸೂಯಮ್ಮ ಇನ್ನೊಂದು ಸಂಗತಿಯನ್ನೂ ಹೇಳಿದರು. ಈ ರೋಗದ ಸೂಕ್ಷ್ಮಾಣುವನ್ನು ಮೊದಲು ಕಂಡುಹಿಡಿದದ್ದು ನಾರ್ವೆ ದೇಶದ ವೈದ್ಯ. ನೂರು ವರ್ಷಕ್ಕೂ ಹಿಂದಿನ ಮಾತು. ದೊಡ್ಡ ವೈದ್ಯನೇ, ಸಂದೇಹವಿಲ್ಲ. ಆದರೆ ರೋಗ ಹೇಗೆ ಅಂಟುತ್ತದೆ ಎಂದು ತೋರಿಸುವ ಹಟದಲ್ಲಿ, ಆಸ್ಪತ್ರೆಯಲ್ಲಿದ್ದ ಒಬ್ಬ ಹೆಂಗಸಿನ ಕಣ್ಣಿಗೆ, ಅವಳನ್ನು ಕೇಳದೆ, ಇನ್ನೊಬ್ಬ ರೋಗಿಯಿಂದ ತೆಗೆದ ಅಂಶವನ್ನು ಚುಚ್ಚಿದ. ಆ ಹೆಂಗಸು ಬಾಯಿ ಮುಚ್ಚಿಕೊಂಡಿರಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, ವೈದ್ಯ ಆ ಆಸ್ಪತ್ರೆಯ ಹುದ್ದೆಯನ್ನೇ ಕಳೆದುಕೊಂಡ.

"ನಾನು ಆ ಡಾಕ್ಟ್ರ ಹೆಸ್ರು ಹೇಳಕ್ಕೆ ಹೋದ್ರೆ ಇವ್ಳು ತಡೆದ್ಲು" ಎನ್ನುತ್ತಾರೆ ಅನಸೂಯಮ್ಮ. "ಅವನ್ದು ಬಿಡಿ, ಆ ಯಮ್ಮನ ಹೆಸ್ರೇನು ಅಂದ್ಲು. ನಂಗೆ ಗೊತ್ತಿರ್ಲಿಲ್ಲ. ಓದಿದ ಪುಸ್ತಕಗಳಲ್ಲಿ ಇರ್ಲಿಲ್ಲ, ಇದ್ರೂ ನಾನು ಗಮನಿಸಿರ್ಲಿಲ್ಲ. ಬೆಂಗಳೂರಿಗೆ ಹೋದಾಗ ಹುಡುಕಿ ಹುಡುಕಿ ತಂದೆ. ಕಾರಿ ಅಂತ ಆಕೆ ಹೆಸ್ರು." ಕಾರಿ ಎಂಬ ಹೆಸರು ಶಿಡ್ಲಘಟ್ಟದ ಬೇಸಿನ್ ಹೆಂಗಸರಿಗೆಲ್ಲ ಈಗ ಗೊತ್ತು. ಹಟ ಮಾಡುವ ಹುಡುಗಿಗೆ "ಏನೇ, ಕಾರಿ ತರ ಆಡ್ತೀಯ" ಎಂದು ಹೊಗಳುತ್ತಾರೆ.

ಮಾರನೆಯ ದಿನ ಜಾಹಿದಾ ಕದಿರಮ್ಮನನ್ನು ಕರೆದುಕೊಂಡು ಶೆಡ್ಡಿಗೆ ಹೋಗಿ ಬಾಗಿಲ ಹೊರಗೆ ಕೂತರು. "ಕೂತ್ರೆ ಇಬ್ರೂ ಕೂರ್ತೀವಿ, ಇಲ್ದಿದ್ರೆ ಇಬ್ರೂ ಇಲ್ಲ" ಎಂದರು. ವಜೀರ್ ಸಾಹೇಬರು ಬೇಡಿಕೊಂಡರು, ರೇಗಿದರು, ಅಸ್ಗರ್‌ಗೆ ಹೇಳಿ ಕಳಿಸಿದರು. ಅಸ್ಗರ್ ಜಟಕಾ ನಿಲ್ಲಿಸಿ ಹೆಂಡತಿಯ ಕಡೆ ಒಮ್ಮೆ, ಸಾಹೇಬರ ಕಡೆ ಒಮ್ಮೆ ನೋಡಿ, "ನಂಗೂ ಅವ್ಳು ಹೇಳಿದ್ದು ಸರಿ ಅನ್ಸುತ್ತೆ ಭಾಯ್" ಎಂದು ಕುದುರೆ ಹೊಡೆದುಕೊಂಡು ಹೋದರು. ಮದುವೆಯಾದ ಮೇಲೆ ಗಂಡ ಆಡಿದ ಅತ್ಯಂತ ಒಳ್ಳೆಯ ಮಾತು ಅದೇ ಎಂದು ಜಾಹಿದಾ ಈಗಲೂ ಹೇಳುತ್ತಾರೆ.

ದಿನ ಕಳೆಯಿತು. ಮಳೆ ಹಿಡಿಯಿತು. ಸಾಹೇಬರು ಆ ವಾರ ಮಾರುಕಟ್ಟೆಯಲ್ಲಿ ಗೂಡು ಅಗ್ಗ ಎಂದು ರಾಶಿ ರಾಶಿ ತಂದು ಹಾಕಿದ್ದರು. ಬಿಸಿಲಿದ್ದರೆ ಗೂಡು ಒಣಗಿಸಿ ಇಟ್ಟುಕೊಳ್ಳಬಹುದು. ಬಿಸಿಲೇ ಇಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆಯೆಲ್ಲ ತುಂಡು, ಆ ಗೂಡು ಯಾವ ಕೆಲಸಕ್ಕೂ ಬಾರದು. ಬೇಗ ಬೇಗ ಬಿಚ್ಚಬೇಕು. ಶೆಡ್ಡಿನ ಎರಡು ಅತಿ ಚುರುಕಿನ ಕೈಗಳು ಬಾಗಿಲ ಹೊರಗೆ ಗೋಣಿಚೀಲ ಹೊದ್ದು ಕೂತಿದ್ದವು.

"ಒಂದು ಗೂಡಲ್ಲಿ ಸಣ್ಣ ತೂತು ಕಂಡಿತು ಸಾಹೇಬ್ರಿಗೆ. ಅದನ್ನ ಹಿಡ್ಕೊಂಡು ಹೊರಗೆ ಬಂದ್ರು. ನಾನು ಆ ತೂತನ್ನೇ ನೋಡ್ತಾ ಕೂತಿದ್ದೆ" ಎನ್ನುತ್ತಾರೆ ಜಾಹಿದಾ.

ಸಾಹೇಬರು ಬಾಗಿಲಿನಿಂದ ಸರಿದು ನಿಂತರು. ಆದರೆ ಒಳಗಿದ್ದ ಹೆಂಗಸರ ಭಯ ಸರಿಯಲಿಲ್ಲ. ಕದಿರಮ್ಮ ಕೂತ ಕೂಡಲೇ ಅಕ್ಕಪಕ್ಕದವರು ತಮ್ಮ ತಮ್ಮ ತಣ್ಣೀರ ಬಟ್ಟಲನ್ನು ದೂರಕ್ಕೆ ಎಳೆದುಕೊಂಡರು. ಕದಿರಮ್ಮ ತಲೆ ಬಗ್ಗಿಸಿಕೊಂಡು, "ಪೋನೀಲೇ, ಹೋಗ್ಲಿ ಬಿಡು ಜಾಹಿದಮ್ಮ, ನಾನು ಮನೆಗೆ ಹೋತೀನಿ" ಎಂದು ಎದ್ದರಂತೆ. ಜಾಹಿದಾ ಅವರ ತೋಳು ಹಿಡಿದು ಕೂರಿಸಿದರು. ಕುದಿನೀರಿಗೆ ಕೈಯಿಟ್ಟು, ಬೆರಳು ಸುಡುವ ತನಕ ಇಟ್ಟು, ತಮ್ಮ ಬಟ್ಟಲನ್ನು ಬಿಟ್ಟು ಕದಿರಮ್ಮನ ಬಟ್ಟಲಿಗೆ ಐದೂ ಬೆರಳು ಅದ್ದಿದರು. ಆಮೇಲೆ ಅದೇ ನೀರನ್ನು ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಎರಚಿಕೊಂಡರು. ಅಂದಿನಿಂದ ಬಟ್ಟಲುಗಳು ಒಂದೊಂದಾಗಿ ಹಳೆಯ ಜಾಗಕ್ಕೆ ಬಂದವು. ಕೆಲವು ಬರಲು ತಿಂಗಳುಗಳೇ ಹಿಡಿದವು. ಒಬ್ಬಳು ಕೆಲಸ ಬಿಟ್ಟೇ ಹೋದಳು. ಹೋಗಲಿ ಬಿಡಿ.

ಸಂಜೆ ಕೆಲಸ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಬ್ಬರ ಕೈಯನ್ನೊಬ್ಬರು ಹಿಂದೆ ಮುಂದೆ ನೋಡುವುದು ಆಗ ಶುರುವಾಯಿತು. ಎಲ್ಲಿ ಗುಳ್ಳೆ, ಎಲ್ಲಿ ಬಿರುಕು, ಎಲ್ಲಿ ಸುಟ್ಟಿದೆ. ನೋಡುತ್ತಾ ನೋಡುತ್ತಾ ಮೂರನೆಯವಳು ಬಂದು ಕೂತಳು, ನಾಲ್ಕನೆಯವಳು ಬಂದಳು. ಪಕ್ಕದ ಶೆಡ್ಡಿನವರು ಕರೆದರು. ಕದಿರಮ್ಮನ ಔಷಧದ ಅವಧಿ ಎರಡು ವರ್ಷಕ್ಕೆ ಮುಗಿಯಿತು, ರೋಗ ವಾಸಿಯಾಯಿತು. ಗುಳಿಗೆಯಿಂದ ಕಪ್ಪಾಗಿದ್ದ ಮುಖದ ಬಣ್ಣವೂ ನಿಧಾನಕ್ಕೆ ತಿಳಿಯಾಯಿತು. ಅವರ ಹಳ್ಳಿಯವರಿಗೆ ಮಾತ್ರ ಇಂದಿಗೂ ಈ ವಿಷಯ ಗೊತ್ತಿಲ್ಲ. ಮುಖ ಯಾಕೆ ಕಪ್ಪಾಯಿತು ಎಂದರೆ ಬಿಸಿಲು, ಒಲೆಯ ಹೊಗೆ ಎಂದು ಸುಳ್ಳು ಹೇಳಿ ಕಾಲ ತಳ್ಳಿದ್ದಾರೆ.

ಅನಸೂಯಮ್ಮ ಆ ಪ್ರಕರಣವನ್ನು ಬರೆದು ವೈದ್ಯರ ಪತ್ರಿಕೆಯೊಂದಕ್ಕೆ ಕಳಿಸಿದರು. ನೂಲು ಬಿಚ್ಚುವವರ ಬೆರಳನ್ನು ನೋಡಿ ಕುಷ್ಠ ಎಂದು ಮೋಸಹೋಗಬೇಡಿ ಎಂಬ ಎಚ್ಚರಿಕೆ ಅದು. ಒಂದೂವರೆ ಪುಟದಷ್ಟು, ಒಂದು ಮೂಲೆಯಲ್ಲಿ ಅಚ್ಚಾಯಿತು. ಡಾಕ್ಟರ್ ಅದನ್ನು ಶೆಡ್ಡಿಗೇ ತಂದು ಕನ್ನಡ ಮಾಡಿ ಓದಿದರು: ಮೂವತ್ತೈದು ವರ್ಷದ ಮಹಿಳೆ, ರೇಷ್ಮೆ ನೂಲು ಬಿಚ್ಚುವ ಕೆಲಸ, ಬೆರಳ ತುದಿಗಳಲ್ಲಿ ಸ್ಪರ್ಶವಿಲ್ಲವೆಂದು ಬಂದಿದ್ದರು.

"ನನ್ ಹೆಸ್ರು ಎಲ್ಲಿ ಅಂದೆ. ರೋಗಿ ಹೆಸ್ರು ಹಾಕಲ್ಲಮ್ಮ, ನಿಮ್ ಮರ್ಯಾದೆ ಕಾಪಾಡಕ್ಕೇ ಈ ಪದ್ಧತಿ ಅಂದ್ರು. ಪದ್ಧತಿ ಒಳ್ಳೇದೇ, ಅದು ಹೆಸ್ರು ಬೇಡ ಅನ್ನೋವ್ರಿಗೆ. ನನ್ನ ಒಂದು ಮಾತು ಕೇಳಿದ್ರಾ? ಓಣಿ ತುಂಬಾ ನನ್ ಹೆಸ್ರಿಗೆ ರೋಗ ಅಂಟಿಸ್ದಾಗ ಯಾರೂ ಮುಚ್ಚಿಡ್ಲಿಲ್ಲ. ರೋಗ ಇಲ್ಲ ಅಂತ ಬರೆಯೋವಾಗ ಮುಚ್ಚಿಡ್ತಾರೆ!" ಇದನ್ನು ಕೇಳಿದ ಅನಸೂಯಮ್ಮ, "ಬೈಗುಳ ನಂದು, ಕೊನೇ ಮಾತು ಯಾವಾಗ್ಲೂ ಅವ್ಳದ್ದು" ಎಂದು ತಲೆಯಾಡಿಸುತ್ತಾರೆ.

ಇಂದು ಜಾಹಿದಾ ವಾರವೆಲ್ಲ ತಮ್ಮ ಶೆಡ್ಡಿನ ಬಾಗಿಲಲ್ಲಿ, ಶುಕ್ರವಾರ ರಜೆಯ ದಿನ ಬೇರೆ ಶೆಡ್ಡುಗಳ ಹೆಂಗಸರ ಮನೆಗಳಲ್ಲಿ ಕೈ ನೋಡುತ್ತಾರೆ. ತಿಂಗಳಿಗೆ ನೂರಕ್ಕೂ ಮೀರಿ ಹೆಂಗಸರು. ಬಹಳಷ್ಟು ಬರೀ ಬಿಸಿನೀರಿನ ತೊಂದರೆ. ಅಪರೂಪಕ್ಕೆ ಒಂದೊಂದು ನಿಜವಾದದ್ದು. ಅಂಥವರನ್ನು ಕೈಹಿಡಿದು ದವಾಖಾನೆಗೆ ಕರೆದೊಯ್ಯುತ್ತಾರೆ. ಆಮೇಲೆ ಅವರ ಮಾಲೀಕನ ಎದುರು ಹೋಗಿ ನಿಲ್ಲುತ್ತಾರೆ. ಬಾಗಿಲು ಹಾಕಿಕೊಂಡವರಿದ್ದಾರೆ, ನಮ್ಮ ಶೆಡ್ಡಿಗೆ ಕೆಟ್ಟ ಹೆಸರು ತರುತ್ತೀಯ ಎಂದು ನಾಯಿ ಛೂ ಬಿಟ್ಟವರೂ ಇದ್ದಾರೆ. "ನಾಯಿ ಪಾಪ, ಬಂದು ಕೈ ನೆಕ್ತು" ಎನ್ನುತ್ತಾರೆ ಜಾಹಿದಾ. ಈಚೆಗೆ ಅವರಿಗೆ ಕೆಮ್ಮು ಕಾಡುತ್ತಿದೆ. ಶೆಡ್ಡಿನ ಹಬೆ, ಗೂಡಿನ ಧೂಳು ಎದೆಗೆ ಇಳಿದಿದೆ. ಇನ್ನೆಷ್ಟು ದಿನ ಬೇಸಿನ್ನಿಗೆ ಕೂರುತ್ತಾರೋ ತಿಳಿಯದು. "ಕೂರೋವರ್ಗೂ ಕೂರ್ತೀನಿ. ನನ್ನ ಏಳ್ಸೋದು ಕೆಮ್ಮು ಬೇಕಾದ್ರೆ ಆಗ್ಲಿ, ಮನುಷ್ಯರ ಕೈಲಿ ಆಗಲ್ಲ" ಎನ್ನುತ್ತಾರೆ.

ಇಂಥ ಬರಹಗಳಲ್ಲಿ ಹೆಸರು ಬದಲಿಸುವ ವಾಡಿಕೆ ಪತ್ರಿಕೆಗಳಿಗೂ ಇದೆ. ಬದಲಿಸಬೇಕೇ ಎಂದು ಕೇಳಿದ್ದೇ ತಡ, ಜಾಹಿದಾ ಕೆಂಡವಾಗುತ್ತಾರೆ. "ಇಷ್ಟೊತ್ತು ನಾನು ಹೇಳಿದ್ದು ಏನು? ಜಾಹಿದಾ ಅಂತ ಹಾಕಿ. ಜಟಕಾ ಅಸ್ಗರ್ ಹೆಂಡ್ತಿ ಅಂತ್ಲೂ ಹಾಕಿ, ಅವ್ನೂ ಖುಷಿ ಪಡ್ಲಿ." ಆಮೇಲೆ ಪಕ್ಕದ ಬೇಸಿನ್ನಿನ ಕಡೆ ಕಣ್ಣು ಹೋದದ್ದೇ ದನಿ ತಗ್ಗಿಸುತ್ತಾರೆ. "ಅಕ್ಕಂದು ನಾನು ಹೇಳಲ್ಲ. ಅವ್ಳಿಗೆ ಊರಿದೆ, ಸೊಸೆ ಇದ್ದಾಳೆ. ಬದಲಾಯ್ಸು ಅಂದ್ರೆ ಬದಲಾಯ್ಸಿ. ಅವ್ಳನ್ನೇ ಕೇಳಿ."

ಕದಿರಮ್ಮ ಎತ್ತುತ್ತಿದ್ದ ಎಳೆಯನ್ನು ರಾಟೆಗೆ ಸೇರಿಸಿ, ಬೆರಳನ್ನು ತಣ್ಣೀರಿಗೆ ಅದ್ದಿ, ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಮಾತು ಕಡಿಮೆಯ ಹೆಂಗಸು. ಇಡೀ ಬೆಳಗು ಒಂದು ಮಾತೂ ಆಡಿರಲಿಲ್ಲ.

"ನಮ್ಮೂರ್ಗೂ ಪೇಪರ್ ಬತ್ತೈತೆ" ಎನ್ನುತ್ತಾರೆ. "ಹೋಟ್ಲು ತಾವ ಒಬ್ಬ ಓದ್ತಾನೆ, ಊರೆಲ್ಲಾ ಕೇಳ್ತದೆ."

ರಾಟೆ ತಿರುಗುತ್ತಿರುತ್ತದೆ. ಕದಿರಮ್ಮ ಇನ್ನೊಂದು ಗೂಡಿಗೆ ಕೈ ಹಾಕುತ್ತಾರೆ, ಎಳೆ ಹುಡುಕುತ್ತಾರೆ, ಸಿಕ್ಕಿದ ಮೇಲೆ ತಲೆ ಎತ್ತುತ್ತಾರೆ.

"ನಂದೂ ಬರಿಯಪ್ಪ. ಕದಿರಮ್ಮ ಅಂತ ಅಷ್ಟೇ ಬರೀಬೇಡ, ನಮ್ಮೂರ್ನಾಗೆ ಕದಿರಮ್ಮಗಳು ಮೂರು ಜನ ಅವ್ರೆ. ಬೇಸಿನ್ ಕದಿರಮ್ಮ ಅಂತ ಬರಿ. ಯಾವ ಕದಿರಮ್ಮ ಅಂತ ಯಾರೂ ಕೇಳ್ಬಾರ್ದು."